ತೆಂಗಿನಕಾಯಿಗೆ ಕಿವಿಗೊಟ್ಟ ಸತ್ಯಪ್ರಕಾಶರು

ಸತ್ಯಪ್ರಕಾಶರನ್ನು ಅಂಗಡಿಗೆ ಕಳಿಸುವುದೂ ಒಂದೇ, ನಿದ್ದೆಗೆ ಕಳಿಸುವುದೂ ಒಂದೇ. ಯಾವಾಗ ಏಳುತ್ತಾರೆ, ಏಳುವಾಗ ಕೈಯಲ್ಲಿ ಏನಿರುತ್ತದೆ ಎಂದು ಯಾರೂ ಹೇಳುವಂತಿರಲಿಲ್ಲ. ಆಸ್ಟ್ರೇಲಿಯಾದ ಪರ್ತಿನಲ್ಲಿದ್ದಾಗ ಒಮ್ಮೆ ಹಾಲು ತರಲು ಹೋದವರು ಎರಡೂವರೆ ಗಂಟೆಯ ಮೇಲೆ ಉಪ್ಪುನೀರಿನಲ್ಲಿ ನೆನೆಹಾಕಿದ ದ್ರಾಕ್ಷಿ ಎಲೆಯ ಬಾಟಲಿ ಹಿಡಿದು ಬಂದಿದ್ದರು. ಹಾಲೆಲ್ಲಿ ಎಂದು ಹೆಂಡತಿ ಕಮಲಾ ಕೇಳಿದ್ದಕ್ಕೆ, "ಇದನ್ನ ನೋಡು ಕಮಲಾ, ಥೇಟ್ ವೀಳ್ಯದೆಲೆ ಥರಾನೇ ಇಲ್ವಾ?" ಎಂದಿದ್ದರು. ಆ ಬಾಟಲಿ ಇನ್ನೂ ಫ್ರಿಜ್ಜಿನಲ್ಲಿದೆ, ಅವರ ಜೊತೆ ಅಡಿಲೇಡಿಗೂ ಬಂದಿದೆ.

ವೃತ್ತಿಯಿಂದ ಅವರು ಭೂವಿಜ್ಞಾನಿ. ಪರ್ತಿನಿಂದ ವಿಮಾನದಲ್ಲಿ ಗಣಿಗೆ ಹೋಗಿ ಎರಡು ವಾರ ಕೆಂಪು ಮಣ್ಣಿನಲ್ಲಿ ಅಲೆಯುವುದು, ಒಂದು ವಾರ ಮನೆಯಲ್ಲಿ ಕೂತು ಅದೇ ಮಣ್ಣನ್ನು ಕಿವಿಯಿಂದ ತೆಗೆಯುವುದು, ಹೀಗೆ ಹದಿನೆಂಟು ವರ್ಷ ಕಳೆದಿದ್ದರು. ಕಮಲಾಳಿಗೆ ಬೆಡ್‌ಫರ್ಡ್ ಪಾರ್ಕಿನ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರ್ ಕೆಲಸ ಸಿಕ್ಕಿದ ಮೇಲೆ ಅವರೂ ಅಡಿಲೇಡಿಗೆ ಬಂದು, ಗಣಿಯವರು ಕಳಿಸುವ ಕಲ್ಲುಗಳ ಫೋಟೋ ನೋಡಿ ಅಭಿಪ್ರಾಯ ಬರೆಯುವ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದರು. ಕಲ್ಲುಗಳಿಗೆ ಅವಸರವಿಲ್ಲ. ಆದ್ದರಿಂದ ಸತ್ಯಪ್ರಕಾಶರಿಗೂ ಇರಲಿಲ್ಲ.

ಆರು ಬಾಡಿಗೆ ಮನೆಗಳಾದ ಮೇಲೆ ಕೊನೆಗೂ ಒಂದು ಸ್ವಂತ ಮನೆಯಾಗಿತ್ತು. ಕಮಲಾಳಿಗೆ ಇದ್ದದ್ದು ಒಂದೇ ಆಸೆ. ಮೈಸೂರಿನಿಂದ ತಾಯಿ ಬರಬೇಕು, ಬಲಗಾಲಿಟ್ಟು ಹೊಸ್ತಿಲು ದಾಟಬೇಕು, ಹೊಸ ಒಲೆಯ ಮೇಲೆ ಅವರ ಕೈಯಿಂದಲೇ ಹಾಲು ಉಕ್ಕಬೇಕು. ಅಲ್ಲಿಯವರೆಗೆ ಆ ಒಲೆಯನ್ನು ಯಾರೂ ಮುಟ್ಟುವಂತಿಲ್ಲ ಎಂದು ಅವಳು ಅದರ ಮೇಲೆ ಒಂದು ಬಿಳಿ ಟವೆಲ್ ಹೊದಿಸಿಟ್ಟಿದ್ದಳು. ತಾಯಿ ಇಂದುಮತಿಯಮ್ಮನವರು ಬಂದೂ ಇಳಿದರು. ಮಾರ್ಚ್ ತಿಂಗಳ ಒಂದು ಬುಧವಾರ ಮುಹೂರ್ತವೂ ಗೊತ್ತಾಯಿತು.

ಉಳಿದದ್ದು ತೆಂಗಿನಕಾಯಿ. ಇಲ್ಲಿಗೆ ಬರುವ ಕಾಯಿಗಳು ವಾರಗಟ್ಟಲೆ ಹಡಗಿನಲ್ಲಿ ತೂಕಡಿಸುತ್ತ ಬರುತ್ತವೆ, ಅರ್ಧಕ್ಕರ್ಧ ಒಳಗೇ ಕೊಳೆತಿರುತ್ತವೆ, ಆರು ತಂದರೆ ಒಂದಾದರೂ ಬದುಕಿರುತ್ತದೆ ಎಂದು ಕನ್ನಡ ಸಂಘದ ಹಿರಿಯರೊಬ್ಬರು ಬುದ್ಧಿ ಹೇಳಿದರು. ಸತ್ಯಪ್ರಕಾಶರಿಗೆ ಅವಮಾನವಾಯಿತು.

"ನಾನು ಜಿಯಾಲಜಿಸ್ಟ್ ರೀ," ಎಂದರು. "ಮುನ್ನೂರು ಮೀಟರ್ ಕೆಳಗೆ ಏನಿದೆ ಅಂತ ಮೇಲೆ ನಿಂತು ಹೇಳೋನು. ತೆಂಗಿನಕಾಯಿ ಆಳ ಎಷ್ಟಿರುತ್ತೆ? ನಾಲ್ಕಿಂಚು! ಒಂದೇ ತರ್ತೀನಿ, ನೋಡ್ತಿರಿ."

ಹದಿನೆಂಟು ವರ್ಷಗಳಲ್ಲಿ ಅವರು ಚಿನ್ನವಿದೆ ಎಂದ ಕಡೆ ಬರೀ ನೀರು ಬಂದದ್ದನ್ನೂ, ಏನೂ ಇಲ್ಲ ಎಂದ ಕಡೆ ಮುಂದಿನ ಕಂಪನಿಯವರಿಗೆ ಚಿನ್ನ ಸಿಕ್ಕಿದ್ದನ್ನೂ ಅವರು ಹೇಳಲಿಲ್ಲ. ಕೇಳಿದವರೂ ಇರಲಿಲ್ಲ.

ಗೃಹಪ್ರವೇಶಕ್ಕೆ ಐವತ್ತು ಜನ ಸೇರಿದ್ದರು. ಪೌರೋಹಿತ್ಯಕ್ಕೆ ಡಾಕ್ಟರ್ ನಂಜುಂಡಸ್ವಾಮಿ ರಜೆ ಹಾಕಿ ಬಂದಿದ್ದರು. ಇವರು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು, ಬಿಡುವಿದ್ದಾಗ ಪುರೋಹಿತರು. ಎರಡು ಕೆಲಸದಲ್ಲೂ ಎದುರಿಗಿದ್ದವರು ಸುಖವಾಗಿ ನಿದ್ದೆ ಹೋಗುತ್ತಾರೆಂದು ಹೆಸರಾಗಿದ್ದರು. ಸತ್ಯಪ್ರಕಾಶರು ಪಂಚೆ ಉಟ್ಟು ಹೊಸ್ತಿಲ ಮುಂದೆ ನಿಂತು, ಎಲ್ಲರಿಗೂ ಕಾಣುವಂತೆ ಕಾಯಿಯನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಅಲುಗಾಡಿಸಿ, "ಫಸ್ಟ್ ಕ್ಲಾಸ್!" ಎಂದು ಘೋಷಿಸಿ ಕಲ್ಲಿಗೆ ಕುಕ್ಕಿದರು.

ವಾಸನೆ ಮೊದಲು ಬಂತು, ಬಣ್ಣ ಆಮೇಲೆ ಕಂಡಿತು. ಮುಂದಿನ ಸಾಲಿನವರು ಹಿಂದಿನ ಸಾಲಿಗೆ ಹೋದರು, ಹಿಂದಿನ ಸಾಲಿನವರು ರಸ್ತೆಗೆ ಹೋದರು.

"ದೃಷ್ಟಿ ಕಳೀತು ಬಿಡಿ, ಒಳ್ಳೇದೇ ಆಯ್ತು," ಎಂದರು ನಂಜುಂಡಸ್ವಾಮಿ, ಮೂಗು ಮುಚ್ಚಿಕೊಂಡು.

ಕಮಲಾ ಓಡಿ ಹೋಗಿ, ಗಂಡನಿಗೆ ಗೊತ್ತಾಗದಂತೆ ಸೂಪರ್ ಮಾರ್ಕೆಟ್ಟಿನಿಂದ ತಂದಿಟ್ಟಿದ್ದ ಇನ್ನೊಂದು ಕಾಯಿ ತಂದಳು. ಅದಕ್ಕೆ ಜುಟ್ಟಿರಲಿಲ್ಲ, ಸುಲಭವಾಗಿ ಒಡೆಯಲೆಂದು ಸೊಂಟದ ಸುತ್ತ ಮೊದಲೇ ಗೀರು ಹಾಕಿ ಪ್ಲಾಸ್ಟಿಕ್ ಸುತ್ತಿದ್ದರು. ಅದು ಸುಲಭವಾಗಿಯೇ ಒಡೆಯಿತು. ಒಳಗೆ ಬೂದು ಬಣ್ಣದ ಬೂಷ್ಟು.

ಇಂದುಮತಿಯಮ್ಮ ಜರಿಸೀರೆಯಲ್ಲಿ, ಹಾಲಿನ ಪಾತ್ರೆ ಹಿಡಿದು ಹೊಸ್ತಿಲಿನ ಈಚೆ ನಿಂತಿದ್ದರು. ಪಾತ್ರೆಯನ್ನು ಮೊಮ್ಮಗಳು ಪೂರ್ವಿಯ ಕೈಗೆ ಕೊಟ್ಟರು.

"ಒಂದು ಕೆಟ್ರೆ ದೃಷ್ಟಿ ಹೋಯ್ತು ಅಂತಾರೆ. ಎರಡು ಕೆಟ್ರೆ? ಮನೆ ಏನೋ ಹೇಳ್ತಿದೆ. ಒಳ್ಳೆ ಕಾಯಿ ಒಡೆಯೋವರೆಗೂ ನಾನು ಈ ಹೊಸ್ತಿಲು ದಾಟಲ್ಲ ಕಮಲಾ."

"ಅಮ್ಮಾ, ಬಾಡಿಗೆ ಮನೆ ಬೀಗದಕೈ ವಾಪಸ್ ಕೊಟ್ಟಾಯ್ತು. ಮತ್ತೆ ಎಲ್ಲಿ ಮಲಗ್ತೀಯಾ?"

ಇಂದುಮತಿಯಮ್ಮ ಸುತ್ತ ನೋಡಿದರು. ಅಷ್ಟು ಹೊತ್ತಿಗೆ ಪಕ್ಕದ ಮನೆಯ ಗ್ರೀಕ್ ಅಜ್ಜಿ ಎಲೇನಿ, ಎಳ್ಳು ಮೆತ್ತಿದ ಬಿಸ್ಕತ್ತಿನ ತಟ್ಟೆ ಹಿಡಿದು ಶುಭ ಹಾರೈಸಲು ಬಂದಿದ್ದವರು, ಎಪ್ಪತ್ತು ದಾಟಿದ ಹೆಂಗಸೊಬ್ಬರು ಮೂವತ್ತಾರು ಡಿಗ್ರಿ ಬಿಸಿಲಿನಲ್ಲಿ ನಿಂತಿರುವುದನ್ನು ಕಂಡು ಕೆಂಡವಾದರು. ಗ್ರೀಕ್ ಭಾಷೆಯಲ್ಲಿ ಸತ್ಯಪ್ರಕಾಶರನ್ನು ಏನೋ ಅಂದು, ಇಂದುಮತಿಯಮ್ಮನ ಕೈ ಹಿಡಿದು ತಮ್ಮ ಮನೆಗೆ ಕರೆದುಕೊಂಡು ಹೋಗಿಬಿಟ್ಟರು. ಸಂಜೆ ಪೂರ್ವಿ ಅಜ್ಜಿಯ ಸೂಟ್‌ಕೇಸನ್ನೂ ಅಲ್ಲಿಗೇ ದಾಟಿಸಿದಳು.

ಹೀಗೆ ಮಗಳ ಮನೆಗೆ ಎಂಟು ಸಾವಿರ ಕಿಲೋಮೀಟರ್ ಹಾರಿ ಬಂದ ಇಂದುಮತಿಯಮ್ಮನವರು, ಅಲ್ಲಿಂದ ಹದಿನೈದು ಅಡಿ ಆಚೆ ನೆಲೆಸಿದರು. ಎಲೇನಿಗೆ ಗ್ರೀಕ್ ಬಿಟ್ಟರೆ ಚೂರುಪಾರು ಇಂಗ್ಲಿಷ್, ಇಂದುಮತಿಯಮ್ಮನಿಗೆ ಮೈಸೂರು ಕನ್ನಡ. ಬೆಳಗ್ಗೆ ಇಬ್ಬರೂ ದ್ರಾಕ್ಷಿ ಚಪ್ಪರದ ಕೆಳಗೆ ಕೂತು ತಂತಮ್ಮ ಭಾಷೆಯಲ್ಲಿ ಮಾತಾಡಲು ತೊಡಗಿದರೆ ಮಧ್ಯಾಹ್ನವಾದರೂ ಮುಗಿಯುತ್ತಿರಲಿಲ್ಲ. ಎಲೇನಿಗೆ ಮೂರು ಗಂಡುಮಕ್ಕಳು, ದೊಡ್ಡ ಸೊಸೆ ಸರಿಯಿಲ್ಲ ಎಂಬುದನ್ನು ಇಂದುಮತಿಯಮ್ಮ ಎರಡನೇ ದಿನವೇ ತಿಳಿದುಕೊಂಡಿದ್ದರು. ಹೇಗೆ ಎಂದು ಕೇಳಿದರೆ, "ಹೇಳಿದಳಲ್ಲ, ಕೇಳಿಸ್ಕೊಂಡೆ," ಎನ್ನುತ್ತಿದ್ದರು.

ಇತ್ತ ಒಲೆಯ ಮೇಲಿನ ಟವೆಲ್ ಸರಿಯಲಿಲ್ಲ. ಅಡುಗೆಯೆಲ್ಲ ಹಿತ್ತಲಿನ ಬಾರ್ಬಿಯ ಮೇಲೆ. ಊರವರು ಮಾಂಸ ಸುಡುವ ಆ ಗ್ಯಾಸಿನ ಹಂಚಿನ ಮೇಲೆ ಬೆಳಗ್ಗೆ ರವೆ ದೋಸೆ, ರಾತ್ರಿ ಚಪಾತಿ, ಮೂಲೆಯಲ್ಲಿ ಸಾರಿನ ಪಾತ್ರೆ. ದಿನಕ್ಕೆ ಮೂರು ಹೊತ್ತೂ ಬಾರ್ಬಿ ಹಚ್ಚುವ ಈ ಕುಟುಂಬದಷ್ಟು ಅಪ್ಪಟ ಆಸ್ಟ್ರೇಲಿಯನ್ನರನ್ನು ತಾನು ಕಂಡಿಲ್ಲ ಎಂದು ಹಿಂದಿನ ಬೀದಿಯವನೊಬ್ಬ ಬೇಲಿಯ ಮೇಲಿಂದ ಬಿಯರ್ ಎತ್ತಿ ಗೌರವ ಸೂಚಿಸಿದ.

ಬ್ರಿಸ್ಬೇನಿನಿಂದ ಕಮಲಾಳ ತಂಗಿ ಸೌಮ್ಯಾಳ ಫೋನ್ ಬಂತು. "ಅಕ್ಕಾ, ಅಮ್ಮ ಅದ್ಯಾರದೋ ಮನೇಲಿದಾರಂತೆ? ನಮ್ಮನೆಯವರು ಇಲ್ಲೇ ಇಂಡೂರೂಪಿಲ್ಲಿ ಅಂಗಡಿಯಿಂದ ತಂದ ಕಾಯಿ ನಮ್ ಗೃಹಪ್ರವೇಶಕ್ಕೆ ಎಷ್ಟು ಚೆನ್ನಾಗಿ ಒಡೀತು ಗೊತ್ತಾ, ಹೂವಿನ ಹಾಗೆ! ಮುಂದಿನ್ ವಾರ ಭಾನುವಾರಕ್ಕೆ ಅಮ್ಮಂಗೆ ಟಿಕೆಟ್ ಮಾಡಿದೀನಿ. ಇಲ್ಲಿಗೇ ಬರ್ಲಿ."

ಕಮಲಾ ಫೋನಿಟ್ಟು ಬಾರ್ಬಿಯ ಮುಂದೆ ನಿಂತು ಅತ್ತಳು. ಹೊಗೆಗೆ ಅಲ್ಲ.

"ರೀ, ಹನ್ನೆರಡು ದಿನ ಇದೆ. ಅಮ್ಮ ಈ ಮನೆ ಒಳಗೆ ಒಂದು ಸಲನೂ ಕಾಲಿಡದೆ ಹೋದ್ರೆ ಈ ಮನೆ ನಂಗೆ ಬೇಡ. ಒಂದೇ ಒಂದು ಒಳ್ಳೆ ಕಾಯಿ ತನ್ನಿ. ಅಷ್ಟೇ ಕೇಳೋದು ನಾನು."

ಸತ್ಯಪ್ರಕಾಶರು ಗಣಿಯ ಫೋಟೋಗಳನ್ನು ಬದಿಗಿಟ್ಟರು. ಮರುದಿನವೇ ಕಾಯಿ ಹುಡುಕುತ್ತ ಹೊರಟರು.

ಹಾಗೆ ಸಿಕ್ಕಿದ್ದು ಸ್ಟಾವ್ರೋಸ್ ಎಂಬ ಗ್ರೀಕನ ದಿನಸಿ ಅಂಗಡಿ. ಒಳಗೆ ಹೋದರೆ ಮಧ್ಯಾಹ್ನವೆಲ್ಲ ಅಲ್ಲೇ ಬಂದು ಮಲಗಿದಂತಿತ್ತು. ಎತ್ತರದ ಕಿಟಕಿಯಿಂದ ಇಳಿದ ಬಿಸಿಲು ಎಣ್ಣೆ ಡಬ್ಬಗಳಿಗೆ ಒರಗಿಕೊಂಡಿತ್ತು. ಮರದ ಪೀಪಾಯಿಗಳಲ್ಲಿ ಆಲಿವ್ ಕಾಯಿಗಳು ನಮ್ಮ ಮಾವಿನ ಮಿಡಿಗಳ ಹಾಗೆ ಉಪ್ಪುನೀರಿನಲ್ಲಿ ತೇಲುತ್ತಿದ್ದವು. ಮೇಲೆ ಫ್ಯಾನು ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ ಯೋಚನೆ ಮಾಡುತ್ತಿತ್ತು. ರೇಡಿಯೋದಲ್ಲಿ ಯಾರೋ ಗ್ರೀಕ್ ಭಾಷೆಯಲ್ಲಿ ನಿಧಾನವಾಗಿ ದುಃಖ ತೋಡಿಕೊಳ್ಳುತ್ತಿದ್ದರು. ಮೂಲೆಯಲ್ಲೊಂದು ಬುಟ್ಟಿ, ಬುಟ್ಟಿಯಲ್ಲಿ ತೆಂಗಿನಕಾಯಿ, ಅದರ ಮೇಲೆ ಸಾಕ್ಷಾತ್ ಜುಟ್ಟು.

ಸತ್ಯಪ್ರಕಾಶರು ಒಂದನ್ನೆತ್ತಿ ಕಿವಿಗೆ ಹಿಡಿದರು. ಒಳಗೆ ನೀರು ಗುಳಕ್ ಎಂದಿತು. ಇನ್ನೊಮ್ಮೆ ಅಲುಗಿಸಿದರು, ಗುಳಕ್. ಕಣ್ಣು ತಾನಾಗಿ ಮುಚ್ಚಿತು. ಅವರು ಯಾವುದೋ ಹೊಳೆಯ ನಡುವೆ ಹರಿಗೋಲಿನಲ್ಲಿ ಕೂತಿದ್ದರು. ಹರಿಗೋಲು ಮೆಲ್ಲಗೆ ತಿರುಗುತ್ತಿತ್ತು. ದಡದಲ್ಲಿ ಅತ್ತೆಯವರು ಹಾಲಿನ ಪಾತ್ರೆ ಹಿಡಿದು ನಿಂತಿದ್ದರು. ಎಷ್ಟು ತಿರುಗಿದರೂ ದಡ ಹತ್ತಿರ ಬರಲೊಲ್ಲದು. ನೀರು ಗುಳಕ್ ಗುಳಕ್ ಎನ್ನುತ್ತಲೇ ಇತ್ತು. ಹೀಗೆ ನಲವತ್ತು ನಿಮಿಷವಾಯಿತು.

ಮೊದಲು ಅದನ್ನು ಕಂಡದ್ದು ಕಪ್ಪು ಬಟ್ಟೆಯ ಒಬ್ಬ ಅಜ್ಜಿ. ಮೆಲ್ಬರ್ನಿನಲ್ಲಿರುವ ತಂಗಿ ಜಗಳವಾಡಿ ಆರು ವರ್ಷದಿಂದ ಫೋನ್ ಮಾಡಿರಲಿಲ್ಲ, ತಾನೇ ಮಾಡುವುದೋ ಬೇಡವೋ ಎಂದು ಅಜ್ಜಿ ಬೆಳಗ್ಗೆಯಿಂದ ಕೊರಗುತ್ತಿದ್ದಳು. ಕಣ್ಣು ಮುಚ್ಚಿ, ಕಾಯಿಗೆ ಕಿವಿಗೊಟ್ಟು, ಕೆನ್ನೆಯ ಮೇಲೆ ಒಂದು ಹನಿ ಇಳಿಸಿಕೊಂಡು ನಿಂತ ಈ ಪರದೇಶಿಯನ್ನು ಕಂಡು ಅವಳು ಕಾಯಿಯೇ ಮಾತಾಡುತ್ತಿದೆ ಎಂದುಕೊಂಡಳು. ಹತ್ತಿರ ಬಂದು ತನ್ನ ಹರಕು ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು, "ಏನು ಹೇಳುತ್ತಿದೆ?"

ಸತ್ಯಪ್ರಕಾಶರು ಹರಿಗೋಲಿನಿಂದಲೇ, ಇಂಗ್ಲಿಷಿನಲ್ಲೇ ಉತ್ತರಿಸಿದರು, "ಇವತ್ತು ಬೇಡ. ನಾಳೆವರೆಗೂ ಸುಮ್ಮನಿರೋದು ಒಳ್ಳೇದು."

ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡು ಮನೆಗೆ ಹೋಗಿ ಸುಮ್ಮನಿದ್ದಳು. ಮರುದಿನ ಬೆಳಗ್ಗೆ ಒಂಬತ್ತಕ್ಕೆ ತಂಗಿ ಫೋನ್ ಮಾಡಿದಳು.

ಅಷ್ಟು ಸಾಕಾಯಿತು. ಮರುದಿನ ಸತ್ಯಪ್ರಕಾಶರು ಬರುವ ಹೊತ್ತಿಗೆ ಬುಟ್ಟಿಯ ಪಕ್ಕ ಮೂವರು ಅಜ್ಜಿಯರು ಕಾದಿದ್ದರು, ಪ್ರತಿಯೊಬ್ಬಳ ಕೈಯಲ್ಲೂ ಒಂದೊಂದು ಕಲ್ಲಂಗಡಿ. ಕಲ್ಲಂಗಡಿಯನ್ನು ಸತ್ಯಪ್ರಕಾಶರು ಬೆರಳಿನಿಂದ ತಟ್ಟಿ, ಕಿವಿಗೊಟ್ಟು, "ಇದು ಸಿಹಿ," ಎಂದರು. ಸಿಹಿಯಾಗಿಯೇ ಇತ್ತು. ಇನ್ನೊಂದನ್ನೂ ಸಿಹಿ ಎಂದರು, ಅದೂ ಸಿಹಿ. ಸ್ಟಾವ್ರೋಸ್ ಮೊದಲೇ ಪ್ರತಿ ರಾಶಿಯಿಂದ ಒಂದನ್ನು ಕೊಯ್ದು ರುಚಿ ನೋಡಿಯೇ ಮಾಲು ಇಳಿಸಿಕೊಳ್ಳುವವನು, ಅವನ ಅಂಗಡಿಯಲ್ಲಿ ಸಪ್ಪೆ ಹಣ್ಣು ಇರುತ್ತಲೇ ಇರಲಿಲ್ಲ. ಆದರೆ ವ್ಯಾಪಾರ ಮೂರು ಪಟ್ಟಾದ ಮೇಲೆ ಯಾವ ಅಂಗಡಿಯವನು ಇದನ್ನು ಬಾಯಿಬಿಟ್ಟು ಹೇಳುತ್ತಾನೆ?

ಅವನು ಸತ್ಯಪ್ರಕಾಶರಿಗೆ ಒಂದು ಕುರ್ಚಿ ಹಾಕಿಸಿದ. "ಮೈ ಫ್ರೆಂಡ್, ನೀನು ಕೂತು ಕೇಳು. ನಿಂತು ಕೇಳಿದರೆ ಕಾಲು ನೋಯುತ್ತದೆ," ಎಂದು ಒಂದು ಚಿಕ್ಕ ಲೋಟದಲ್ಲಿ ಗಟ್ಟಿ ಕಾಫಿಯನ್ನೂ ತಂದಿಟ್ಟ.

ನಾಲ್ಕನೇ ದಿನಕ್ಕೆ ಸುದ್ದಿ ಗ್ರೀಕರ ಚರ್ಚಿನ ಅಂಗಳ ಮುಟ್ಟಿತು. ಆರನೇ ದಿನಕ್ಕೆ ಇಟಲಿಯವರೂ ಬಂದರು. ಹಣ್ಣು ತೋರಿಸುವ ನೆಪದಲ್ಲಿ ಮಗನ ಮದುವೆ, ಮೊಣಕಾಲಿನ ಆಪರೇಷನ್, ಮನೆ ಮಾರುವುದೋ ಬಿಡುವುದೋ ಎಲ್ಲವೂ ಬಂತು. ಸತ್ಯಪ್ರಕಾಶರು ಎಲ್ಲರಿಗೂ ಅಭ್ಯಾಸಬಲದಿಂದ ಗಣಿಯ ವರದಿಯ ಮಾತನ್ನೇ ಹೇಳುತ್ತಿದ್ದರು. "ಲಕ್ಷಣ ಚೆನ್ನಾಗಿದೆ. ಆದರೆ ಇನ್ನಷ್ಟು ಪರೀಕ್ಷೆ ಆಗಬೇಕು." ಇಂಥ ಮಾತಿನ ಮೇಲೆ ಕಂಪನಿಗಳೇ ಹದಿನೆಂಟು ವರ್ಷ ಸಂಬಳ ಕೊಟ್ಟಿರುವಾಗ ಅಜ್ಜಿಯರು ನಂಬದಿರುತ್ತಾರೆಯೇ?

ಸಂಜೆ ಮನೆಗೆ ಬರುವಾಗ ಅವರ ಚೀಲದಲ್ಲಿ ಭಕ್ತರು ಕೊಟ್ಟ ಚೀಸು, ಅಂಜೂರ, ಜೇನಿನಲ್ಲಿ ಅದ್ದಿದ ಸಿಹಿ, ಎಲ್ಲವೂ ಇರುತ್ತಿತ್ತು.

"ಕಾಯಿ ಎಲ್ರೀ?" ಎನ್ನುತ್ತಿದ್ದಳು ಕಮಲಾ.

"ಇವತ್ತು ಯಾವ್ದೂ ಸರಿಯಾಗಿ ಮಾತಾಡ್ಲಿಲ್ಲ ಕಮಲಾ."

"ಡ್ಯಾಡ್, ಕೋಕನಟ್ಸ್ ಡೋಂಟ್ ಟಾಕ್," ಎಂದಳು ಪೂರ್ವಿ, ಬಾರ್ಬಿಯ ಮೇಲೆ ದೋಸೆ ಮಗುಚುತ್ತ.

ಒಂಬತ್ತನೇ ದಿನ ಕೌನ್ಸಿಲಿನಿಂದ ಆಹಾರ ತಪಾಸಣೆಯ ಅಧಿಕಾರಿ ಬ್ರಾನ್ವಿನ್ ಎಂಬಾಕೆ ಬಂದಳು. ಗಂಡಸೊಬ್ಬ ಮಾರಾಟದ ಹಣ್ಣಿಗೆಲ್ಲ ಕಿವಿ ತಾಗಿಸುತ್ತಿದ್ದಾನೆಂದು ಯಾರೋ ದೂರು ಕೊಟ್ಟಿದ್ದರು. ಆಕೆ ಟ್ಯಾಬ್ಲೆಟ್ಟಿನಲ್ಲಿ ನಿಯಮಗಳನ್ನೆಲ್ಲ ಹುಡುಕಿದಳು. ಕೈ ತಾಗಿಸುವುದಕ್ಕೆ ನಿಯಮವಿತ್ತು, ಸೀನುವುದಕ್ಕೆ ಇತ್ತು, ಕೂದಲಿಗೆ ಇತ್ತು. ಕಿವಿಗೆ ಇರಲಿಲ್ಲ. ಆಕೆ ಟಾರ್ಚ್ ಹಾಕಿ ಸತ್ಯಪ್ರಕಾಶರ ಎರಡೂ ಕಿವಿಗಳನ್ನು ಪರೀಕ್ಷಿಸಿ, "ಸ್ವಚ್ಛವಾಗಿವೆ, ಎಡಗಡೆ ಸ್ವಲ್ಪ ಕೆಂಪು ಮಣ್ಣಿದೆ," ಎಂದು ಬರೆದುಕೊಂಡಳು. ಬಾಗಿಲವರೆಗೆ ಹೋದವಳು ತಿರುಗಿ ಬಂದು ದನಿ ತಗ್ಗಿಸಿದಳು.

"ದಿಸ್ ಆರ್ವೋ, ಮಧ್ಯಾಹ್ನದ ಮೇಲೆ, ನಮ್ಮ ಮನೆಯಲ್ಲಿ ಬಾರ್ಬಿ ಇದೆ. ಅತ್ತೆ ಬರ್ತಾರೆ. ಒಂದು ಒಳ್ಳೆ ಕಲ್ಲಂಗಡಿ…"

ಅತ್ತೆ ಎಂಬ ಮಾತು ಕೇಳಿ ಸತ್ಯಪ್ರಕಾಶರು ಆಕೆಗೆ ವಿಶೇಷ ಕಾಳಜಿಯಿಂದ ಆರಿಸಿಕೊಟ್ಟರು.

ಇಷ್ಟೆಲ್ಲ ಆದರೂ ಬುಟ್ಟಿಯ ತೆಂಗಿನಕಾಯಿ ಬುಟ್ಟಿಯಲ್ಲೇ ಇತ್ತು. ದಿನವೂ ಎತ್ತಿ ಕಿವಿಗೆ ಹಿಡಿಯುತ್ತಿದ್ದರು, ಹರಿಗೋಲು ತಿರುಗುತ್ತಿತ್ತು, ದಡ ಸಿಗುತ್ತಿರಲಿಲ್ಲ. ಮತ್ತೆ ಇಳಿಸಿಬಿಡುತ್ತಿದ್ದರು. ಹಾಗೆ ಶನಿವಾರ ಬಂದೇಬಿಟ್ಟಿತು. ಭಾನುವಾರ ಬೆಳಗ್ಗೆ ಬ್ರಿಸ್ಬೇನಿನ ವಿಮಾನ.

ಚರ್ಚಿನ ಅಂಗಳದಲ್ಲಿ ಸುದ್ದಿ ಕೇಳಿದ್ದ ಎಲೇನಿ, ಅಂದು ಬೆಳಗ್ಗೆ ಗೆಳತಿಯ ಮುಂದೆ ಅಭಿನಯಿಸಿ ತೋರಿಸಿದ್ದರು. ಎರಡೂ ಕೈಯಲ್ಲಿ ಗುಂಡಗಿನ ವಸ್ತು, ಅದು ಕಿವಿಗೆ, ಕಣ್ಣು ಆಕಾಶಕ್ಕೆ, ಹೊಟ್ಟೆಯವರೆಗೆ ಗಡ್ಡ. ಗಡ್ಡ ಸುದ್ದಿಯ ಜೊತೆ ದಾರಿಯಲ್ಲಿ ಬೆಳೆದದ್ದು. ಇಂದುಮತಿಯಮ್ಮನಿಗೆ ತಕ್ಷಣ ಅರ್ಥವಾಯಿತು.

"ಯಾರೋ ನಮ್ಮ ಕಡೆ ಸ್ವಾಮಿಗಳೇ ಇರ್ಬೇಕು ಎಲೇನಿ. ಹೊರಡೋಕ್ ಮುಂಚೆ ಅವರ ಕೈಲೇ ಒಂದು ಕಾಯಿ ಆರಿಸ್ಕೊಂಡು ಬಂದ್ಬಿಡೋಣ. ಪಾಪ, ನಮ್ ಅಳಿಯಂದಿರಿಂದ ಆಗೋ ಕೆಲಸ ಅಲ್ಲ ಇದು."

ಅದೇ ಜರಿಸೀರೆ ಉಟ್ಟು, ತಟ್ಟೆಯಲ್ಲಿ ಎಲೇನಿಯ ಹಿತ್ತಲಿನ ಹೂವೂ ನಿಂಬೆಹಣ್ಣೂ ಇಟ್ಟುಕೊಂಡು ಬಂದರು. ಕಂಬದ ಆಚೆ ಕುರ್ಚಿ, ಈಚೆ ಹದಿನಾರು ಜನರ ಸಾಲು. ಇಂದುಮತಿಯಮ್ಮ ತಲೆ ಬಗ್ಗಿಸಿಕೊಂಡೇ ಸಾಲಿನಲ್ಲಿ ಮುಂದೆ ಸರಿದರು. ಸರದಿ ಬಂದಾಗ ತಟ್ಟೆಯನ್ನು ಕೆಳಗಿಟ್ಟು, ಸೆರಗು ಹೊದ್ದು, ಸ್ವಾಮಿಗಳ ಪಾದ ಮುಟ್ಟಲು ಬಗ್ಗಿದರು. ಬಗ್ಗಿದವರು ಅರ್ಧಕ್ಕೇ ನಿಂತರು.

ಪಾದದಲ್ಲಿ ಚಪ್ಪಲಿ. ಕಂದು ಬಣ್ಣದ್ದು, ಹೆಬ್ಬೆರಳಿಗೆ ಉಂಗುರವಿದ್ದದ್ದು. ಹೋದ ದೀಪಾವಳಿಗೆ ಮೈಸೂರಿನಲ್ಲಿ ನಾಲ್ಕಂಗಡಿ ಸುತ್ತಿ, ಅಳಿಯನ ಅಳತೆಗೆ ಅವರೇ ಕೊಂಡು ಕಳಿಸಿದ ಚಪ್ಪಲಿ.

ಕಣ್ಣು ಮುಚ್ಚಿ ಕೂತಿದ್ದ ಸತ್ಯಪ್ರಕಾಶರ ಹರಿಗೋಲಿನಲ್ಲಿ ಅಂದು ಮೊದಲ ಬಾರಿಗೆ ದಡ ಬಲು ಹತ್ತಿರ ಬಂದಿತ್ತು, ಅತ್ತೆಯವರ ಸೀರೆಯ ಅಂಚು ಸ್ಪಷ್ಟವಾಗಿ ಕಾಣುತ್ತಿತ್ತು. ಕಣ್ಣು ತೆರೆದರು. ಅಂಚು ಅಲ್ಲೇ ಇತ್ತು. ಅತ್ತೆ ತನ್ನ ಕಾಲಿಗೆ ಬೀಳುತ್ತಿದ್ದಾರೆ ಎಂದು ಹೊಳೆದ ಕೂಡಲೇ ಅವರು ಕುರ್ಚಿ ಸಮೇತ ಹಿಂದಕ್ಕೆ ಹಾರಿ ಟೊಮೆಟೊ ಡಬ್ಬಗಳ ಗೋಪುರಕ್ಕೆ ಬಿದ್ದರು. ಇನ್ನೂರು ಡಬ್ಬಗಳು ಒಂದೊಂದಾಗಿ ಉರುಳಿ ಅಂಗಡಿಯ ಬಾಗಿಲವರೆಗೂ ಹೋದವು.

"ಅಳಿಯಂದಿರೇ," ಎಂದರು ಇಂದುಮತಿಯಮ್ಮ.

"ಅತ್ತೆ."

"ಊರಿಗೆಲ್ಲಾ ಹಣ್ಣು ಆರಿಸ್ಕೊಟ್ಟಿದ್ದೀರಂತೆ. ಸ್ವಾಮಿಗಳು ಅಂತೆ. ನನ್ನ ಮಗಳ ಮನೆಗೆ ಒಂದು ಕಾಯಿ ಆರಿಸೋಕೆ ಆಗ್ಲಿಲ್ವಾ ನಿಮಗೆ?"

ಸತ್ಯಪ್ರಕಾಶರು ಡಬ್ಬಗಳ ನಡುವಿನಿಂದ ಎದ್ದರು. ಸುತ್ತ ನಿಂತವರಿಗೆ ಕನ್ನಡ ಬಾರದಿದ್ದದ್ದು ಅವರ ಪುಣ್ಯ.

"ಹೆದರಿಕೆ ಅತ್ತೆ. ಇವರ ಕಲ್ಲಂಗಡಿ ಸಪ್ಪೆಯಾದ್ರೆ ಒಂದು ಹಣ್ಣು ಹೋಗುತ್ತೆ, ಅಷ್ಟೇ. ನನ್ನ ಕಾಯಿ ಇನ್ನೊಂದ್ ಸಲ ಕೆಟ್ರೆ ನೀವು ಹೋಗ್ಬಿಡ್ತೀರಿ, ಕಮಲಾ ಅಳ್ತಾಳೆ. ಅದಕ್ಕೇ ಕೈಗೆ ತಗೊಳ್ತೀನಿ, ಇಟ್ಬಿಡ್ತೀನಿ. ನಂಗೆ ಏನೂ ಕೇಳಿಸಲ್ಲ ಅತ್ತೆ. ಯಾವತ್ತೂ ಕೇಳಿಸಿಲ್ಲ."

ಇಂದುಮತಿಯಮ್ಮ ಕೆಳಗಿಟ್ಟಿದ್ದ ತಟ್ಟೆಯನ್ನು ಎತ್ತಿಕೊಂಡರು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಈ ಮನುಷ್ಯ ಇಷ್ಟು ಉದ್ದ ಮಾತಾಡಿದ್ದನ್ನು ಅವರು ಕೇಳಿರಲಿಲ್ಲ.

"ಆರಿಸಿ," ಎಂದರು. "ನಾನಿದ್ದೀನಿ."

ಸತ್ಯಪ್ರಕಾಶರು ಕಿವಿಗೆ ಹಿಡಿಯದೆ, ಅಲುಗಿಸದೆ, ಕಣ್ಣಿಗೆ ಬಿದ್ದ ಮೊದಲ ಕಾಯಿ ಎತ್ತಿದರು. ಸ್ವಾಮಿಗಳು ಕೊನೆಗೂ ಕಾಯಿ ಎತ್ತಿದರೆಂದು ಅಂಗಡಿಯಲ್ಲಿ ಚಪ್ಪಾಳೆಯಾಯಿತು. ಸ್ಟಾವ್ರೋಸ್ ಅಂಗಡಿ ಮುಚ್ಚಿದ. ಹದಿನಾರು ಜನರೂ ಹಿಂದೆ ಹೊರಟರು, ದಾರಿಯಲ್ಲಿ ಇನ್ನಷ್ಟು ಸೇರಿದರು. ಫೋನ್ ಹೋಗಿ ನಂಜುಂಡಸ್ವಾಮಿಗಳು ಪಂಚೆ ಸುತ್ತಿಕೊಂಡೇ ಕಾರಿನಿಂದ ಇಳಿದರು. ತನ್ನ ಮನೆಯ ಮುಂದೆ ಅರ್ಧ ಗ್ರೀಸ್ ದೇಶ ಬಂದು ನಿಂತಿರುವುದನ್ನು ಕಂಡು ಕಮಲಾ ಕೈಯಲ್ಲಿದ್ದ ಸೌಟು ಕೆಳಗೆ ಬಿಟ್ಟಳು.

ಸತ್ಯಪ್ರಕಾಶರು ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಹೊಸ್ತಿಲ ಮುಂದಿನ ಕಲ್ಲಿಗೆ ಕುಕ್ಕಿದರು.

ಕೊಳೆತಿತ್ತು.

ಈ ಸಲ ಯಾರೂ ದೃಷ್ಟಿ ಕಳೆಯಿತು ಎನ್ನಲಿಲ್ಲ. ಅಜ್ಜಿಯರು ಮೂಗಿಗೆ ಕರವಸ್ತ್ರ ಹಿಡಿದು ಸ್ವಾಮಿಗಳನ್ನೇ ನೋಡುತ್ತಿದ್ದರು. ಇಂದುಮತಿಯಮ್ಮನ ಮುಖ ಸಣ್ಣಗಾಯಿತು. ಕಮಲಾ ಒಳಗೆ ಹೋಗಲು ತಿರುಗಿದಳು. ಸತ್ಯಪ್ರಕಾಶರು ಕಾಯಿಯ ಎರಡು ಹೋಳು ಹಿಡಿದು, ಎಲ್ಲಿಡಬೇಕೆಂದು ತೋಚದೆ ನಿಂತಿದ್ದರು.

ಆಗ ಎಲೇನಿ ಗುಂಪನ್ನು ಸರಿಸಿಕೊಂಡು ಮುಂದೆ ಬಂದರು. ಇಷ್ಟು ದಿನ ಇವರೆಲ್ಲ ಒಂದು ಕಾಯಿಗಾಗಿ ಹೀಗೇಕೆ ಒದ್ದಾಡುತ್ತಿದ್ದಾರೆಂದು ಅವರಿಗೆ ತಿಳಿದಿರಲಿಲ್ಲ. ಹೊಸ್ತಿಲು, ಒಡೆದ ಕಾಯಿ, ಈಚೆ ನಿಂತ ಗೆಳತಿ, ಎಲ್ಲವನ್ನೂ ಒಟ್ಟಿಗೆ ಕಂಡ ಕ್ಷಣ ತಿಳಿಯಿತು. ಅರವತ್ತು ವರ್ಷದ ಹಿಂದೆ ಹಡಗಿನಿಂದಿಳಿದು ಮದುಮಗಳಾಗಿ ಬಂದಾಗ ಅವರ ಅತ್ತೆಯೂ ಮನೆಯ ಹೊಸ್ತಿಲಲ್ಲಿ ಹೀಗೇ ಒಂದನ್ನು ಒಡೆದಿದ್ದಳು. ಆದರೆ ತೆಂಗಿನಕಾಯಿಯನ್ನಲ್ಲ. ಎಲೇನಿ ತಮ್ಮ ಹಿತ್ತಲಿಗೆ ಹೋಗಿ, ಮರದಿಂದ ತಲೆಯಷ್ಟು ದಪ್ಪದ ದಾಳಿಂಬೆ ಕಿತ್ತು ತಂದು, ಯಾರನ್ನೂ ಕೇಳದೆ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಹೊಸ್ತಿಲಿಗೆ ಬೀಸಿ ಒಗೆದರು.

ಹಣ್ಣು ಸಿಡಿಯಿತು. ಸತ್ಯಪ್ರಕಾಶರ ಬಿಳಿ ಅಂಗಿ ಕೆಂಪಾಯಿತು, ನಂಜುಂಡಸ್ವಾಮಿಗಳ ಕನ್ನಡಕ ಕೆಂಪಾಯಿತು. ಸಾವಿರ ಕಾಳುಗಳು ಬಾಗಿಲಲ್ಲಿ ಹಾರಿ, ನಡುಮನೆಯ ನೆಲದ ಮೇಲೆ ಉರುಳಿ, ಅಡುಗೆಮನೆಯವರೆಗೂ ಓಡಿದವು. ಇಂದುಮತಿಯಮ್ಮ ಬಗ್ಗಿ ಸೀರೆಯ ಮೇಲೆ ಬಿದ್ದ ಒಂದು ಕಾಳು ಎತ್ತಿ ಬಿಸಿಲಿಗೆ ಹಿ‌ಡಿದು ನೋಡಿದರು. ಇನ್ನೊಂದು ಎತ್ತಿದರು. ಒಂದೂ ಕೆಟ್ಟಿರಲಿಲ್ಲ.

"ಡಾಕ್ಟ್ರೇ, ಇದು ಶಾಸ್ತ್ರಕ್ಕೆ ಬರುತ್ತಾ?" ಎಂದರು.

ನಂಜುಂಡಸ್ವಾಮಿ ಕನ್ನಡಕ ಒರೆಸಿಕೊಂಡು, ಕಮಲಾಳ ಮುಖ ನೋಡಿ, "ಫಲ ಅಂತಿದೆ ಆಂಟಿ. ಯಾವ ಫಲ ಅಂತ ನಾನು ಓದೋವಾಗ ಯಾರೂ ಎಚ್ಚರ ಇರಲ್ಲ," ಎಂದರು.

ಇಂದುಮತಿಯಮ್ಮ ನಕ್ಕುಬಿಟ್ಟರು.

"ಹಣ್ಣೇ ಒಳಗೆ ಹೋಗಿ ಕೂತಿದೆ. ಇನ್ನು ನಾನು ಹೊರಗೆ ನಿಂತು ಏನ್ ಮಾಡ್ಲಿ? ಪೂರ್ವಿ, ಹಾಲು ತಗೊಂಡ್ ಬಾ."

ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ಎಲೇನಿಯ ಕೈ ಹಿಡಿದು, ಬಲಗಾಲಿಟ್ಟು ಒಳಗೆ ಬಂದರು. ಕಮಲಾ ಒಲೆಯ ಮೇಲಿನ ಬಿಳಿ ಟವೆಲ್ ಎಳೆದು ಅದರಿಂದಲೇ ಕಣ್ಣೊರೆಸಿಕೊಂಡಳು. ಹಾಲು ನಾಲ್ಕು ದಿಕ್ಕಿಗೂ ಉಕ್ಕಿ ಹರಿಯಿತು. ಹೊಸ ಕರೆಂಟ್ ಒಲೆಗೆ ಈ ಸಂಪ್ರದಾಯ ಗೊತ್ತಿರಲಿಲ್ಲ, ಬೀಪ್ ಬೀಪ್ ಎಂದು ಕಿರುಚಿ ತಾನೇ ಆರಿಹೋಯಿತು. ಮಂಗಳವಾದ್ಯವಿಲ್ಲದ ಕೊರತೆಯನ್ನು ಅದು ನೀಗಿಸಿತೆಂದು ಎಲ್ಲರೂ ಒಪ್ಪಿದರು. ಬ್ರಿಸ್ಬೇನಿಗೆ ಫೋನ್ ಮಾಡಿ ಟಿಕೆಟ್ಟನ್ನು ಒಂದು ತಿಂಗಳು ಮುಂದೆ ಹಾಕಿಸಿದ್ದು ಸ್ವತಃ ಇಂದುಮತಿಯಮ್ಮ.

ಮರುದಿನ ಬೆಳಗ್ಗೆ ಅವರು ಅಡುಗೆಮನೆಯಿಂದ ಕರೆದರು.

"ಅಳಿಯಂದಿರೇ, ಎಲೇನಿ ತಿಂಡಿಗೆ ಬರ್ತಾಳೆ, ಚಟ್ನಿಗೆ ಕಾಯಿ ಬೇಕು. ಫ್ರೀಜರಲ್ಲಿ ತುರಿದಿಟ್ಟ ಪ್ಯಾಕೆಟ್ ಸಿಗುತ್ತಂತೆ, ಅದನ್ನ ತನ್ನಿ. ಕಿವಿ ಮನೇಲೇ ಇಟ್ಟು ಹೋಗಿ."

"ಹತ್ತು ನಿಮಿಷ ಅತ್ತೆ," ಎಂದು ಸತ್ಯಪ್ರಕಾಶರು ಚಪ್ಪಲಿ ಮೆಟ್ಟಿದರು.

ಸ್ಟಾವ್ರೋಸನ ಅಂಗಡಿಯಲ್ಲಿ ಬಿಸಿಲು ಆಗಷ್ಟೇ ಎಣ್ಣೆ ಡಬ್ಬಗಳ ಮೇಲೆ ಇಳಿಯುತ್ತಿತ್ತು. ನಿನ್ನೆಯ ಕೊಳೆತ ಕಾಯಿಯ ವಿಷಯ ಊರಿಗೆಲ್ಲ ಗೊತ್ತಾಗಿತ್ತು, ಕುರ್ಚಿ ಎತ್ತಿಟ್ಟಿದ್ದರು, ಸಾಲೂ ಇರಲಿಲ್ಲ. ಅವರು ಫ್ರೀಜರಿನ ಬಾಗಿಲು ತೆರೆದು, ತುರಿಯ ಪ್ಯಾಕೆಟ್ ಎತ್ತಿದರು. ಆಚೀಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿಮಾಡಿಕೊಂಡು, ಕಿವಿಗೆ ಹಿಡಿದರು. ಒಳಗೆ ಏನೂ ಅಲುಗಲಿಲ್ಲ. ಕೆನ್ನೆ ತಣ್ಣಗಾಯಿತು, ಕಣ್ಣು ಮುಚ್ಚಿತು. ಹರಿಗೋಲು ದಡಕ್ಕೆ ತಾಗಿ ನಿಂತಿತ್ತು, ಅತ್ತೆಯವರು ಲೋಟದಲ್ಲಿ ಬಿಸಿ ಹಾಲು ಕೊಡುತ್ತಿದ್ದರು.

ಎಷ್ಟು ಹೊತ್ತಾಯಿತೋ, ಬೆನ್ನ ಹಿಂದೆ ಯಾರೋ ಮೆಲ್ಲಗೆ ಕೆಮ್ಮಿದರು. ಕಪ್ಪು ಬಟ್ಟೆಯ ಅಜ್ಜಿ, ಎರಡೂ ಕೈಯಲ್ಲಿ ಹೆಪ್ಪುಗಟ್ಟಿದ ಬಟಾಣಿಯ ಚೀಲ ಹಿಡಿದು, ಸರದಿಗಾಗಿ ನಿಂತಿದ್ದಳು.